ಬೀಗ ಮೊದ್ಲು ಕಾಣ್ಬೇಕು, ಕೀಲಿ ಆಮೇಲೆ: ಕನ್ನಡದಲ್ಲಿ ಅಡ್ವೆಂಚರ್ ಗೇಮ್ ಮಾಡಿದ ನನ್ನ ಅನುಭವ

ನಾನು ಮಾಡಿದ ಗೇಮಲ್ಲಿ ಇರೋದು ಒಂದು ಹಳೇ ಮಲೆನಾಡ ಮನೆ, ಬೀಗ ಬಿದ್ದಿರೋ ಅಟ್ಟ, ಪಕ್ಕದ ಮನೇಲಿ ಒಬ್ರು ಅಜ್ಜಿ. ಗನ್ನಿಲ್ಲ, ಟೈಮರ್ ಇಲ್ಲ, ಗ್ರಾಫಿಕ್ಸೂ ಇಲ್ಲ, ಓದ್ತಾ ಹೋಗೋದು, ಯಾವುದನ್ನ ಮುಟ್ಟಬೇಕು ಯಾರನ್ನ ಏನು ಕೇಳಬೇಕು ಅಂತ ಆರಿಸ್ತಾ ಹೋಗೋದು ಅಷ್ಟೇ. ಕನ್ನಡದಲ್ಲಿ ಇಂಥದ್ದು ಮಾಡೋಕೆ ಹೊರಟವರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಟೂಲ್ ವಿಷಯ ಬೇಗ ಮುಗಿಸ್ತೀನಿ. ನಾನು ಬಳಸಿದ್ದು ಟ್ವೈನ್, ಇಂಥ ಓದಿ ಆರಿಸೋ ಗೇಮ್ ಮಾಡೋ ಸಾಫ್ಟ್ವೇರು. ಕ್ರಿಸ್ ಕ್ಲಿಮಾಸ್ ಅನ್ನೋರು 2009ರಲ್ಲಿ ಹೊರತಂದಿದ್ದು, ಫ್ರೀ. ಕೊನೆಗೆ ಸಿಗೋದು ಒಂದೇ ಒಂದು ಎಚ್‌ಟಿಎಂಎಲ್ ಫೈಲು, ಬ್ರೌಸರಲ್ಲೇ ಓಪನ್ ಆಗೋದ್ರಿಂದ ಕನ್ನಡ ಅಕ್ಷರ ಚೆನ್ನಾಗಿ ಬರುತ್ತೆ, ಒತ್ತಕ್ಷರ ಒಡೆಯಲ್ಲ. ಟೂಲ್ ಯಾವುದೇ ತಗೊಳ್ಳಿ, ಮೊದ್ಲು ಅದರಲ್ಲಿ "ಕ್ಷ್ಮ", "ರ್ಥ್ಯ" ಥರದ್ದು ಟೈಪ್ ಮಾಡಿ ನೋಡಿ, ಆಮೇಲೆ ಕಥೆ ಶುರು ಮಾಡಿ.

ಈ ಥರ ಗೇಮಿನ ಮೂಲಕ್ಕೆ ಹೋದ್ರೆ ಸಿಗೋದು ವಿಲ್ ಕ್ರೌಥರ್ ಅನ್ನೋ ಪ್ರೋಗ್ರಾಮರ್. ಅವರು ಗುಹೆ ಸುತ್ತೋ ಹುಚ್ಚಿನವರು, ಅಮೆರಿಕದ ಕೆಂಟಕಿಯಲ್ಲಿರೋ ಮ್ಯಾಮತ್ ಗುಹೇಲಿ ತಾವೇ ಓಡಾಡಿದ್ದ ದಾರಿಗಳನ್ನ 1970ರ ದಶಕದ ಮಧ್ಯದಲ್ಲಿ ಬರೀ ಅಕ್ಷರದ ಗೇಮ್ ಮಾಡಿ ಕಂಪ್ಯೂಟರಿಗೆ ಇಳಿಸಿದ್ರು, 1977ರಲ್ಲಿ ಡಾನ್ ವುಡ್ಸ್ ಅನ್ನೋ ಇನ್ನೊಬ್ರು ಪ್ರೋಗ್ರಾಮರ್ ಅದನ್ನ ಇನ್ನೂ ಬೆಳೆಸಿದ್ರು. ನನಗೆ ಇದರಲ್ಲಿ ಹಿಡಿಸಿದ್ದು ಏನಂದ್ರೆ, ಕ್ರೌಥರ್ ಬರೆದಿದ್ದು ತಾನು ಕಾಲಿಟ್ಟು ನಡೆದ ಜಾಗ. ಹಾಗಾಗಿ ನಾನೂ ಕೋಟೆ, ಡ್ರ್ಯಾಗನ್ ಅಂತೆಲ್ಲ ಹೋಗ್ದೆ, ಕತ್ತಲಲ್ಲೂ ಎಡವದೆ ಓಡಾಡಬಲ್ಲ ಮನೆಯನ್ನೇ ತಗೊಂಡೆ: ಜಗಲಿ, ಅಡಿಗೆಮನೆ, ಬಚ್ಚಲು, ಅಟ್ಟದ ಏಣಿ.

ಡಿಸೈನ್ ಪೂರ್ತಿ ಹಿಂದಿನಿಂದ ಮುಂದಕ್ಕೆ ಮಾಡಿದ್ದು. ದೊಡ್ಡ ಹಾಳೆ ತಗೊಂಡು ಕೊನೇಲಿ "ಅಟ್ಟದ ಬಾಗಿಲು ತೆಗೀತು" ಅಂತ ಬರ್ದೆ, ಅದಕ್ಕೆ ಏನು ಬೇಕು? ಕೀಲಿ. ಕೀಲಿ ಯಾರ ಹತ್ರ ಇದೆ? ಪಕ್ಕದ್ಮನೆ ಅಜ್ಜಿ ಹತ್ರ. ಅವರು ಯಾಕೆ ಕೊಡ್ತಾರೆ? ಹೀಗೆ ಬಾಣ ಎಳೀತಾ ಎಳೀತಾ ಜಗಲಿವರೆಗೂ ಬಂದೆ. ಮಂಕಿ ಐಲ್ಯಾಂಡ್ ಅನ್ನೋ ಅಡ್ವೆಂಚರ್ ಗೇಮ್ ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನದಲ್ಲಿ ಇದನ್ನ ಹೇಳಿದಾರೆ, ಆಡುವವರಿಗೆ ಸಮಸ್ಯೆ ಮೊದ್ಲು ಎದುರಾಗಬೇಕು, ಪರಿಹಾರ ಆಮೇಲೆ ಸಿಗಬೇಕು ಅಂತ. ಬೀಗ ನೋಡದೇ ಕೀಲಿ ಸಿಕ್ಕಿದ್ರೆ ಅದು ಸುಮ್ನೆ ಜೇಬಿಗೆ ಹಾಕ್ಕೊಳ್ಳೋ ಇನ್ನೊಂದು ವಸ್ತು. ಬೀಗ ನೋಡಿ, ತಲೆ ಕೆರ್ಕೊಂಡು, ಎರಡು ರೂಮ್ ಸುತ್ತಿ ಬಂದ ಮೇಲೆ ಅದೇ ಕೀಲಿ ಸಿಕ್ಕಿದ್ರೆ ಕೂತಲ್ಲೇ ಎದ್ದು ಕೂರ್ತಾರೆ! ಇನ್ನೊಂದು, ದಾರಿ ಎಲ್ಲೂ ಶಾಶ್ವತವಾಗಿ ಮುಚ್ಚಬಾರದು. ಕಿಂಗ್ಸ್ ಕ್ವೆಸ್ಟ್ ಅನ್ನೋ ಗೇಮಿನ ಐದನೇ ಭಾಗದಲ್ಲಿ (1990) ಕೈಲಿರೋ ಕಡುಬು ಹಸಿವಾಯ್ತು ಅಂತ ತಿಂದುಬಿಟ್ರೆ ಮುಂದೆ ಹಿಮಮಾನವ ಬಂದಾಗ ಎಸೆಯೋಕೆ ಏನೂ ಇರಲ್ಲ, ಗೇಮ್ ಅಲ್ಲಿಗೇ ನಿಂತುಹೋಗುತ್ತೆ. ಆಡುವವರ ಟೈಮಿಗೆ ಮರ್ಯಾದೆ ಬೇಡ್ವಾ.

ಈಗ ಚೊಂಬಿನ ಪಜಲ್. ಅಡಿಗೆಮನೇಲಿ ಒಂದು ತಾಮ್ರದ ಚೊಂಬು, ಕಪ್ಪಗೆ ಕಿಲುಬು ಹಿಡಿದಿದೆ. ನಮ್ಮಲ್ಲಿ ಮದ್ವೆಗೆ ಕೊಡೋ ಪಾತ್ರೆ ಮೇಲೆ ಹೆಸರು ಕೆತ್ತಿಸ್ತಾರಲ್ಲ, ಹಾಗೆ ಇದರ ಮೇಲೂ ಒಂದು ಹೆಸರಿದೆ, ಆ ಮನೇಲಿ ಯಾರೂ ಈಗ ಬಾಯಿಬಿಟ್ಟು ಹೇಳದ ಹೆಸರು. ಅದನ್ನ ಓದಿ ಅಜ್ಜಿ ಹತ್ರ ಹೋಗಿ ಹೇಳಿದ್ರೆ ಮಾತ್ರ ಅವರು ಕೀಲಿ ಕಥೆ ತೆಗೀತಾರೆ. ಚೊಂಬು ಬೆಳಗೋದು ಹುಣಸೆಹಣ್ಣಿಂದ. ಇಲ್ಲಿ ನಾನು ಜಾಸ್ತಿ ಕಷ್ಟಪಟ್ಟಿದ್ದು ತಪ್ಪು ಪ್ರಯತ್ನಗಳ ಉತ್ತರ ಬರೆಯೋಕೆ. "ಅದು ಆಗಲ್ಲ" ಅಂತ ಒಂದೇ ಸಾಲು ಎಲ್ಲದಕ್ಕೂ ಹಾಕಿದ್ರೆ ಆಡುವವರು ಸಿಟ್ಟಾಗ್ತಾರೆ, ನ್ಯಾಯವಾಗೇ. ನೀರು ಹಾಕಿದ್ರೆ: "ಧೂಳು ಹೋಯ್ತು, ಕಪ್ಪು ಹಾಗೇ ಇದೆ." ಬೂದಿ ಹಾಕಿ ಉಜ್ಜಿದ್ರೆ: "ಜಿಡ್ಡು ಬಿಡ್ತು. ಬೆರಳಿಗೆ ಏನೋ ಗೀರು ಸಿಗ್ತಿದೆ, ಅಕ್ಷರದ ಹಾಗೆ." ಪ್ರತಿ ಸೋಲೂ ಒಂದು ಹೆಜ್ಜೆ ಹತ್ರ ಕರ್ಕೊಂಡು ಹೋಗ್ಬೇಕು.

ಟೆಸ್ಟಿಂಗಿಗೆ ಅತ್ತೆಗೆ ಫೋನ್ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತೆ. ಚೊಂಬಿನ ಹತ್ರ ಬಂದಿದ್ದೇ "ಹುಣಸೆಹಣ್ಣು ಹಾಕಿ ತಿಕ್ಕು ಮಾರಾಯ, ಇದೊಂದು ಕೇಳೋ ವಿಷ್ಯವಾ" ಅಂದ್ರು, ಜೀವಮಾನದಲ್ಲಿ ಒಂದು ಗೇಮೂ ಆಡಿದವರಲ್ಲ. ಅವರ ಮಗ, ಬೆಂಗಳೂರಲ್ಲೇ ಬೆಳೆದವನು, ತುಂಬಾ ಹೊತ್ತು ಅಲ್ಲೇ ಸುತ್ತಿದ. ಅವನಿಗೋಸ್ಕರ ಅಡಿಗೆಮನೆ ಗೂಡಲ್ಲಿ ಒಂದು ಫಳಫಳ ಹೊಳೆಯೋ ಆರತಿ ತಟ್ಟೆ, ಅದರ ಅಂಚಲ್ಲಿ ಒಣಗಿದ ಹುಣಸೆ ನಾರು ಇಟ್ಟೆ. ನೋಡಿದವರಿಗೆ ಅದೇ ಸಾಕು, ಗೊತ್ತಿದ್ದವರಿಗೆ ಅದು ಅಡ್ಡ ಬರಲ್ಲ. 1999ರಲ್ಲಿ ಬಂದ ಗೇಬ್ರಿಯಲ್ ನೈಟ್ ಅನ್ನೋ ಗೇಮಿನ ಮೂರನೇ ಭಾಗದಲ್ಲಿ ಬೆಕ್ಕಿನ ಕೂದಲಿಂದ ಸುಳ್ಳು ಮೀಸೆ ಮಾಡೋ ಪಜಲ್ ಇವತ್ತಿಗೂ ಜನ ಬೈತಾರೆ, ಯಾಕಂದ್ರೆ ಆ ಲಾಜಿಕ್ ಗೇಮ್ ಮಾಡಿದವರ ತಲೇಲಿ ಬಿಟ್ರೆ ಬೇರೆಲ್ಲೂ ಇರಲಿಲ್ಲ. ಹುಣಸೆಹಣ್ಣು ತಾಮ್ರ ಬೆಳಗುತ್ತೆ ಅನ್ನೋದು ಲೋಕದಲ್ಲಿ ನಿಜವಾಗ್ಲೂ ಇರೋ ವಿಷ್ಯ.

ಈಗ ಇದೇ ಮನೆಗೆ ಟೈಪ್ ಮಾಡಿ ಆಡೋ ವರ್ಷನ್ ಮಾಡ್ತಿದೀನಿ. ಹಳೇ ಇಂಗ್ಲಿಷ್ ಗೇಮುಗಳಲ್ಲಿ ಪದಗಳು ಬರೋ ಕ್ರಮ ಮುಖ್ಯ, ನಮ್ಮಲ್ಲಿ ವಿಭಕ್ತಿ ಪ್ರತ್ಯಯವೇ ಕೆಲಸ ಮಾಡುತ್ತೆ: "ಚೊಂಬಿಗೆ ಹುಣಸೆಹಣ್ಣು ಹಚ್ಚು" ಅಂದ್ರೂ "ಹುಣಸೆಹಣ್ಣು ಚೊಂಬಿಗೆ ಹಚ್ಚು" ಅಂದ್ರೂ ಯಾವುದಕ್ಕೆ ಯಾವುದು ಅಂತ ಗೊಂದಲ ಇಲ್ಲ. ಜನ "ಚೊಂಬನ್ನ", "ಚೊಂಬ್ನ", "ಚೊಂಬು" ಅಂತ ಹೇಗೆ ಟೈಪ್ ಮಾಡಿದ್ರೂ ಪ್ರತ್ಯಯ ಕಿತ್ತು ಮೂಲ ಪದ ಹುಡುಕೋ ಪಟ್ಟಿ ಮಾಡ್ಕೊಂಡಿದೀನಿ. ನಾಮಪದ ಹೆಚ್ಚುಕಮ್ಮಿ ಹಿಡಿತಕ್ಕೆ ಬಂದಿದೆ, ಕ್ರಿಯಾಪದದಲ್ಲಿ "ತಗೋ, ತಗೊ, ತೊಗೋ, ತಕೋ, ಎತ್ಕೋ" ಇವೆಲ್ಲ ಸೇರಿಸ್ತಾ ಇದೀನಿ, ನಿಮ್ಮ ಕಡೆ ಬೇರೆ ರೂಪ ಇದ್ರೆ ಹೇಳಿ, ಅದನ್ನೂ ಹಾಕ್ತೀನಿ.