ಕಣದಲ್ಲಿ ಕಾಫಿ ಒಣಗುವಾಗ ವಾರಂಟ್ ಹೋಗಬೇಕು

ಜೀವನಾಂಶದ ಆದೇಶ ಕೈಯಲ್ಲಿದ್ದೂ ದುಡ್ಡು ಬರದೆ ಕೂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕೇಸು ಹಾಕುವುದು ಹೇಗೆ, ವಕಾಲತ್ತು ಅಂದರೆ ಏನು ಅಂತೆಲ್ಲ ಹೇಳಲು ಹೋಗಲ್ಲ, ಅದು ನಿಮಗೇ ಗೊತ್ತು. ನಾನು ಹಾಸನದಲ್ಲಿ ಬ್ಲೌಸ್ ಹೊಲಿದು ಬದುಕುವವಳು. ಮಗಳ ಅಪ್ಪ ಸಕಲೇಶಪುರದ ಕಡೆಯವನು, ಮೂರ್ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ಇದೆ. 2025ರ ಫೆಬ್ರವರಿ-ಮಾರ್ಚಲ್ಲಿ ಆ ಆಸಾಮಿಯಿಂದ 1 ಲಕ್ಷ 20 ಸಾವಿರ ಬಾಕಿ ವಸೂಲು ಮಾಡಿದೆ. "ತೋಟದವರ ಹತ್ತಿರ ಕೋರ್ಟು ದುಡ್ಡು ಕೀಳೋದಾ, ಸುಮ್ನಿರು" ಅಂದಿದ್ದ ನಮ್ಮಣ್ಣ ಈಗ ತನ್ನ ಸ್ನೇಹಿತನ ತಂಗಿಯನ್ನು ನನ್ನ ಹತ್ತಿರ ಕಳಿಸಿದ್ದಾನೆ.

ನಾನು ಕಳೆದುಕೊಂಡಿದ್ದನ್ನು ಮೊದಲು ಹೇಳುತ್ತೇನೆ. 2020ರ ಕೊನೆಯಲ್ಲಿ 125 ಕೇಸು, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಕೆಳಗೆ ಜೀವನಾಂಶದ ಕೇಸು, ಹಾಕಿದ್ದು. ಆಸ್ತಿ ಅಫಿಡವಿಟ್‌ನಲ್ಲಿ "ಜಮೀನಿಲ್ಲ, ತೋಟದ ಕೂಲಿ, ತಿಂಗಳಿಗೆ 8 ಸಾವಿರ" ಅಂತ ಬರೆದಿದ್ದ. ಅವರಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿ ಜಮೀನು ಮಕ್ಕಳ ಹೆಸರಿಗೆ ಬಂದಿತ್ತು ಅನ್ನುವುದು ನನಗೆ ಗೊತ್ತಿತ್ತು. ಪಹಣಿ ತೆಗೆಸಿದೆ, ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಹೆಸರು ರಾರಾಜಿಸುತ್ತಿತ್ತು, ಅವನದೂ ಅವನ ತಮ್ಮನದೂ. ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ. ಅವನು ಹೊಸ ಪಿಕಪ್ ಮುಂದೆ ನಿಂತ ವಾಟ್ಸಾಪ್ ಸ್ಟೇಟಸ್ಸಿನ ಫೋಟೋಗಳನ್ನು ಕಲರ್ ಪ್ರಿಂಟ್ ಹಾಕಿಸಿದ್ದಕ್ಕೆ ಇನ್ನೂರು ಹೋಯಿತು, ಅದನ್ನು ಯಾರೂ ಸರಿಯಾಗಿ ನೋಡಲೂ ಇಲ್ಲ. ಫೋನಿಂದ ತೆಗೆದ ಸಾಕ್ಷಿಗೆ ಕೊಡಬೇಕಾದ ಸರ್ಟಿಫಿಕೇಟ್ ಇಲ್ಲದ ಫೋಟೋ ಬೇಡವಂತೆ. ಆಗಸ್ಟ್ 2021ಕ್ಕೆ ಮಗಳಿಗೆ ತಿಂಗಳಿಗೆ 5 ಸಾವಿರ ಅಂತ ಆದೇಶ ಆಯಿತು. ಹಳೇ ಬಾಕಿ ಅಂತ ಒಂದಿಷ್ಟು ಕೊಟ್ಟ, ಆಮೇಲೆ ನಾಲ್ಕು ತಿಂಗಳು ಕೊಟ್ಟ, 2022ರ ಶುರುವಿಗೆ ನಿಲ್ಲಿಸಿಬಿಟ್ಟ.

ನನ್ನ ಮೊದಲ ವಕೀಲರು 15 ಸಾವಿರ ಫೀಸು, ಮೇಲೆ ವಾಯ್ದೆಗೆ ಐನೂರು ತೆಗೆದುಕೊಳ್ಳುತ್ತಿದ್ದರು. "ಬಾಕಿ ಸ್ವಲ್ಪ ಜಾಸ್ತಿ ಸೇರಲಿ, ಒಟ್ಟಿಗೆ ಹಾಕೋಣ" ಅಂದರು. ನಾನೂ ಸರಿ ಅಂತ ಕೂತೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ಆ ತಿಂಗಳದ್ದಕ್ಕೆ ವಾರಂಟೇ ಸಿಗಲ್ಲ. ನಾವು ಹಾಕಿದ್ದು 2023ರ ಆಗಸ್ಟಲ್ಲಿ. ಏಳೆಂಟು ತಿಂಗಳದ್ದು, ಹತ್ತಿರ ಹತ್ತಿರ 40 ಸಾವಿರ, ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಅವತ್ತು ಮನೆಗೆ ಬಂದು ಅತ್ತಿದ್ದು ಆಸಾಮಿಯ ಮೇಲಿನ ಸಿಟ್ಟಿಗಲ್ಲ, ನನ್ನ ಮೇಲಿನ ಸಿಟ್ಟಿಗೆ. ಫೈಲು ವಾಪಸ್ ಇಸ್ಕೊಂಡು ಸೀದಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಪುಕ್ಕಟೆ ವಕೀಲರು ಕೆಲಸ ಮಾಡಲ್ಲ ಅಂತ ಬೀದಿಯಲ್ಲೆಲ್ಲ ಹೇಳುತ್ತಾರಲ್ವಾ, ನನಗೆ ಸಿಕ್ಕ ಮೇಡಂ ಹಾಗಿರಲಿಲ್ಲ. ಆದರೆ ಅವರೂ ನನ್ನ ಉಪಾಯ ಕೇಳಿ ನಕ್ಕರು.

ಉಪಾಯ ಹೊಳೆದಿದ್ದೂ ಒಂದು ಸೋಲಿನಿಂದಲೇ. ಆ ವರ್ಷ ನವೆಂಬರಲ್ಲಿ ಎಫ್‌ಎಲ್‌ಡಬ್ಲ್ಯೂ, ಅಂದರೆ ವಸ್ತು ಜಪ್ತಿ ಮಾಡಿ ಬಾಕಿ ವಸೂಲು ಮಾಡುವ ವಾರಂಟ್, ಹೋಗಿ ವಾಪಸ್ ಬಂತು, "ಜಪ್ತಿಗೆ ಯಾವ ವಸ್ತುವೂ ಇಲ್ಲ" ಅಂತ ಷರಾ. ಇರುತ್ತಾದರೂ ಹೇಗೆ? ನವೆಂಬರಲ್ಲಿ ರೊಬಸ್ಟಾ ಇನ್ನೂ ಗಿಡದಲ್ಲೇ ಹಸಿರಾಗಿರುತ್ತದೆ. ಮನೆಯಲ್ಲಿರುವುದು ಹಳೇ ಟಿವಿ, ಅವರಮ್ಮನ ಮಂಚ. ಅದೇ ಫೆಬ್ರವರಿಗೆ ಹೋಗಿ ನೋಡಿ, ಕಣದ ತುಂಬ ಚೆರ್ರಿ, ಅಂದರೆ ಕೊಯ್ದ ಕಾಫಿ ಹಣ್ಣು, ಒಣಗುತ್ತಿರುತ್ತದೆ. ಅದಕ್ಕಿಂತ ಜಪ್ತಿ ಮಾಡಬಹುದಾದ ವಸ್ತು ಬೇಕಾ? ಏಪ್ರಿಲ್ ಹೊತ್ತಿಗೆ ಎಲ್ಲ ಮಾರಿ ಖಾಲಿ. ಅದಕ್ಕೇ ವಾರಂಟ್ ಫೆಬ್ರವರಿಯಲ್ಲೇ ಹೋಗಬೇಕು, ಇಷ್ಟೇ ನನ್ನ ಉಪಾಯ.

2024ರ ಫೆಬ್ರವರಿ ಕೈತಪ್ಪಿತು, ವಾಯ್ದೆ ಮೇಲೆ ವಾಯ್ದೆ ಬಿದ್ದು ಏಪ್ರಿಲ್ ಮುಗಿದೇಹೋಯಿತು. ಆ ಆಗಸ್ಟಲ್ಲಿ ಮತ್ತೊಂದು ವರ್ಷದ 60 ಸಾವಿರಕ್ಕೆ ಎರಡನೇ ಅರ್ಜಿ ಹಾಕಿದೆ. ಅಷ್ಟರಲ್ಲಿ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿತ್ತು, 125ನೇ ಕಲಂ ಹೋಗಿ 144 ಆಗಿತ್ತು, ಅಂಕಿ ಬಿಟ್ಟರೆ ನಮ್ಮ ಮಟ್ಟಿಗೆ ಅದೇ. ಡಿಸೆಂಬರಿಂದಲೇ ಮೇಡಂ ಹಿಂದೆ ಬಿದ್ದೆ. ಸರ್ವೆ ನಂಬರು, ಕಣ ಎಲ್ಲಿದೆ, ಅಂದಾಜು ಎಷ್ಟು ಮೂಟೆ, ಪಿಕಪ್ ನಂಬರು, ಎಲ್ಲ ಪಟ್ಟಿ ಮಾಡಿ ಕೋರ್ಟಿಗೆ ಮೆಮೋ, ಅಂದರೆ ಲಿಖಿತ ಮನವಿ, ಹಾಕಿಸಿದೆ. ಪೊಲೀಸರಿಗೆ "ಹುಡುಕಿ" ಅಂದರೆ ಹುಡುಕಲ್ಲ, "ಇಲ್ಲಿದೆ" ಅಂತ ಕೋರ್ಟಿನ ಕಾಗದದಲ್ಲೇ ಇದ್ದರೆ ಇಲ್ಲ ಅಂತ ಷರಾ ಬರೆಯುವುದು ಕಷ್ಟ.

ಕಣದಲ್ಲಿ ಎಷ್ಟಿದೆ ಅಂತ ನನಗೆ ಯಾರು ಹೇಳಿದರು ಅಂತ ಕೇಳಬೇಡಿ, ಅವರು ಅದೇ ಊರಲ್ಲಿ ಬದುಕಬೇಕು. ವಾರಂಟ್ ಠಾಣೆಯಲ್ಲಿ ಕೊಳೆಯದ ಹಾಗೆ ನಾಲ್ಕೇ ದಿನದಲ್ಲಿ ಹೊರಡಿಸಿದ್ದು ಹೇಗೆ ಅನ್ನುವುದನ್ನೂ ಇಲ್ಲಿ ಬರೆಯಲ್ಲ. ಲಂಚ ಅಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ಫೆಬ್ರವರಿ ಮಧ್ಯದಲ್ಲಿ ಇಬ್ಬರು ಪೊಲೀಸರು ಜಪ್ತಿಗೆ ಸಾಕ್ಷಿಯಾಗುವ ಪಂಚರನ್ನು ಕರೆದುಕೊಂಡು ಹೋದರು. ಚೆರ್ರಿ ಮೂಟೆಗೆ ಹತ್ತು ಸಾವಿರ ದಾಟಿದ್ದ ಕಾಲ ಅದು, ಕಣದಲ್ಲಿ ಕಡಿಮೆ ಅಂದರೂ ಮೂವತ್ತು ಮೂಟೆ ಮಾಲು. ತಮ್ಮ ಬಂದು "ಇದು ನನ್ನ ಕಾಫಿ" ಅಂದನಂತೆ. ತಮ್ಮನ ಕಣ ರಸ್ತೆಯ ಆಚೆ ಇದೆ, ಅದೂ ಮೆಮೋದಲ್ಲಿತ್ತು. ಮೂಟೆ ಎಣಿಸಲು ಶುರು ಮಾಡುವಾಗಲೇ ಆಸಾಮಿ ನನಗೆ ಫೋನ್ ಮಾಡಿದ, ಎರಡು ವರ್ಷದಲ್ಲಿ ಮೊದಲ ಸಲ. ನಾನು ಎತ್ತಲಿಲ್ಲ, ಕಾಜಾ ಹಾಕುತ್ತಿದ್ದೆ. ಮೂರನೇ ದಿನ ಕೋರ್ಟಿಗೆ ಬಂದು 70 ಸಾವಿರ ಕಟ್ಟಿದ, ಉಳಿದಿದ್ದು ಮಾರ್ಚಲ್ಲಿ.

ಸುಮಾರು ಜನ "ಮೊದಲು ಒಳಗೆ ಹಾಕಿಸು" ಅನ್ನುತ್ತಾರೆ. ಜೈಲಿಗೆ ಹೋಗಿ ಬಂದರೂ ಬಾಕಿ ಮನ್ನಾ ಆಗಲ್ಲ, ಕೊಡಲೇಬೇಕು, 1989ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ, ಅದು ನಿಜ. ಆದರೆ ಒಂದು ತಿಂಗಳು ಕೂತು ಬಂದವನಿಗೆ ಭಯ ಹೋಗುತ್ತದೆ, ದುಡ್ಡೂ ಬರಲ್ಲ. ನನಗೆ ಬೇಕಿದ್ದದ್ದು ಮಗಳ ಸ್ಕೂಲ್ ಫೀಸು, ಅವನ ಮುದ್ದೆ ಲೆಕ್ಕ ಅಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ಆಸಾಮಿ ಇನ್ನೂರು, ಐನೂರು ಫೋನ್‌ಪೇ ಹಾಕಿ "ಕೊಡ್ತಾನೇ ಇದೀನಿ" ಅಂತ ಕೋರ್ಟಲ್ಲಿ ಹೇಳುತ್ತಿದ್ದ. ಪೋಸ್ಟ್ ಆಫೀಸಲ್ಲಿ ಜೀವನಾಂಶಕ್ಕೆ ಮಾತ್ರ ಅಂತ ಒಂದು ಖಾತೆ ತೆರೆದು, ಅದಕ್ಕೇ ಹಾಕಬೇಕು ಅಂತ ಮೆಮೋ ಕೊಟ್ಟೆ. ವರ್ಷಕ್ಕೆ ಪಾಸ್‌ಬುಕ್ಕಲ್ಲಿ ಮೂರೇ ಸಾಲು ಬಿತ್ತು, ವಾದವೇ ಬೇಕಾಗಲಿಲ್ಲ. ಕಾಫಿ ವ್ಯಾಪಾರಿಯಿಂದ ನೇರ ಹಿಡಿಸೋಣ ಅಂತಲೂ ಹೊರಟಿದ್ದೆ, ಮಾಲು ಬೇರೆಯವರ ಹೆಸರಲ್ಲಿ ಹೋಗುತ್ತಿತ್ತು, ಕೈಬಿಟ್ಟೆ.

ನನ್ನ ಒಟ್ಟು ಖರ್ಚು ನೆನಪಿನ ಮೇಲೆ 28-30 ಸಾವಿರ, ಅದರಲ್ಲಿ ಮುಕ್ಕಾಲು ಪಾಲು ಮೊದಲ ವಕೀಲರಿಗೇ ಹೋಗಿದ್ದು. 2023ರ ಜೂನಿಂದ ಬಸ್ಸು ಫ್ರೀ ಆಗಿದ್ದು ದೊಡ್ಡ ಉಪಕಾರ, ಇಲ್ಲದಿದ್ದರೆ ಸಕಲೇಶಪುರಕ್ಕೆ ಅಷ್ಟು ಸಲ ಓಡಾಡುತ್ತಿರಲಿಲ್ಲ. ಈಗ ಹತ್ತು ತಿಂಗಳಾದ ಕೂಡಲೇ ವಸೂಲಿ ಅರ್ಜಿ ಹಾಕುತ್ತೇನೆ, ಹನ್ನೆರಡರವರೆಗೆ ಕಾಯಲ್ಲ. ಕಾಫಿ ರೇಟು ಏರಿದ್ದನ್ನೇ ಹಿಡಿದು 5 ಸಾವಿರವನ್ನು 9 ಮಾಡಿ ಅಂತಲೂ ಕೇಳಿದ್ದೇನೆ. ಮೇಡಂ ಈ ಸಲ ನಗಲಿಲ್ಲ, ತೋಟದಲ್ಲಿ ಕಾಳುಮೆಣಸು ಎಷ್ಟು ಕೆಜಿ ಬಿಡುತ್ತೆ ಅಂತ ಕೇಳಿದರು.