ಮಡ್ಡಿ ವಾಟರ್ಸ್ ಹಾಡಿಗೆ ನಾನು ಸ್ವರ ಬರೆದುಕೊಂಡದ್ದು

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಅಧ್ಯಯನವನ್ನು ನಾನು ಶುರು ಮಾಡಿದ್ದು ಪುಸ್ತಕದಿಂದಲ್ಲ, ರೆಕಾರ್ಡಿಂಗ್‌ನಿಂದ. 1941ರ ಆಗಸ್ಟ್‌ನಲ್ಲಿ ಜಾನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಮಿಸಿಸಿಪ್ಪಿಯ ಸ್ಟೋವಾಲ್ ಹತ್ತಿ ತೋಟಕ್ಕೆ ಹೋಗಿ, ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿದ್ದನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಧ್ವನಿಮುದ್ರಿಸಿಕೊಂಡರು. ಅದರಲ್ಲಿನ ‘ಕಂಟ್ರಿ ಬ್ಲೂಸ್’ ಎಂಬ ಹಾಡೇ ನನ್ನ ಪಾಠ.

ಹೆಡ್‌ಫೋನ್ ಹಾಕಿಕೊಂಡು, ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ವೇಗ ಅರ್ಧಕ್ಕೆ ಇಳಿಸಿ, ಒಂದೊಂದೇ ಸಾಲು ಕೇಳುತ್ತಾ ಬರೆದುಕೊಂಡೆ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಗಾಂಧಾರ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು, ಯಾಕೆಂದರೆ ವಾಟರ್ಸ್ ಅವರ ಗಾಂಧಾರ, ಅಂದರೆ ‘ಗ’ ಸ್ವರ, ಮೇಜರ್ರೂ (ಎತ್ತರದ್ದೂ) ಅಲ್ಲ, ಮೈನರ್ರೂ (ತಗ್ಗಿನದ್ದೂ) ಅಲ್ಲ, ನಡುವೆ ಎಲ್ಲೋ ಜಾರುತ್ತದೆ, ಅದರ ಹಿಂದೆಯೇ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ಕೂಡ ಜಾರುತ್ತದೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದು ಇಲ್ಲಿ ಕೈ ಹಿಡಿಯಿತು. ತಗ್ಗಿನ ಸಾಧಾರಣ ಗಾಂಧಾರದಿಂದ ಹೊರಟು ಎತ್ತರದ ಅಂತರ ಗಾಂಧಾರದ ಕಡೆಗೆ ಎಂದು ಸ ರಿ ಗ ಮ ಅಕ್ಷರದಲ್ಲೇ ಬರೆದು, ಮೇಲೆ ಒಂದು ಗೆರೆ ಎಳೆದೆ. ಹಾಗಂತ ಬ್ಲೂಸ್ ಒಂದು ರಾಗ ಅಂತ ನಾನು ಹೇಳುವುದಿಲ್ಲ. ಕಿವಿಗೆ ಕೇಳಿದ್ದನ್ನು ಹಿಡಿಯಲು ಇದು ನನ್ನ ದಾರಿ, ಅಷ್ಟೇ. ಶ್ರುತಿಯನ್ನೂ ಕಟ್ಟುನಿಟ್ಟಾಗಿ ನಂಬಬಾರದು, ಹಳೆಯ ಡಿಸ್ಕ್ ಯಂತ್ರದ ವೇಗ ಹೆಚ್ಚುಕಡಿಮೆಯಾದರೆ ಶ್ರುತಿಯೂ ಏರಿಳಿಯುತ್ತದೆ.

ರೆಕಾರ್ಡಿಂಗ್‌ನಲ್ಲಿ ಹಾಡುಗಳ ನಡುವೆ ಬರುವ ಸಂದರ್ಶನದ ಮಾತನ್ನು ದಯವಿಟ್ಟು ಹಾರಿಸಬೇಡಿ. ಹಾಡು ಎಲ್ಲಿಂದ ಬಂತು ಎಂದು ಲೋಮ್ಯಾಕ್ಸ್ ಕೇಳಿದರೆ ವಾಟರ್ಸ್, ಕಾರಿನ ಪಂಕ್ಚರ್ ಹಾಕುವಾಗ ತಾನೇ ಕಟ್ಟಿದೆ ಎನ್ನುತ್ತಾರೆ. ಆಮೇಲೆ ಇನ್ನೊಬ್ಬ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ರೆಕಾರ್ಡಿನ ಮಾತು ಬರುತ್ತದೆ, ಹಿರಿಯ ಬ್ಲೂಸ್ ಗಾಯಕ ಸನ್ ಹೌಸ್ ಹತ್ತಿರ ಕಲಿತದ್ದೂ ಬರುತ್ತದೆ. ಒಂದು ಹಾಡು ಇಷ್ಟು ಜನರದ್ದು ಆಗಬಹುದು ಅಲ್ವಾ! ನನಗೆ ಈ ಸಂಗೀತದ ಚರಿತ್ರೆ ಅರ್ಥವಾಗತೊಡಗಿದ್ದು ಇಲ್ಲೇ.

ಲೋಮ್ಯಾಕ್ಸ್ ಹೆಸರು ಎಲ್ಲೆಡೆ ಇದೆ. ವರ್ಕ್ ಸ್ವತಃ ಸಂಗೀತ ರಚನೆಕಾರರು, ಕಪ್ಪು ಜನರ ಹಾಡುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ ಸ್ವರ ಬರೆದವರು. ಆದರೂ ಆ ಮಿಸಿಸಿಪ್ಪಿ ಅಧ್ಯಯನದ ಬಗ್ಗೆ ಅವರು ಬರೆದ ಬರಹ ಅಚ್ಚಾಗಿದ್ದು 2005ರಲ್ಲಿ, ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ. ಇದು ನನಗೆ ತುಂಬಾ ನೋವು ಕೊಡುತ್ತದೆ. ಅದಕ್ಕೇ ಗೆಳೆಯರನ್ನು ಕೂರಿಸಿಕೊಂಡು ಈ ಹಾಡು ಕೇಳಿಸುವಾಗ, ಹಾಡಿದವರ ಜೊತೆ ವರ್ಕ್ ಹೆಸರನ್ನೂ ಮೊದಲೇ ಹೇಳುತ್ತೇನೆ. ಆಮೇಲೆ ಸಂದರ್ಶನ, ಆಮೇಲೆ ಹಾಡು, ಕೊನೆಗೆ ಯಾರಿಗಾದರೂ ಬೇಕಿದ್ದರೆ ನನ್ನ ಸ್ವರದ ಹಾಳೆ.