ವೇತನ ಮಿತಿ ಬಂದರೆ ಸಣ್ಣ ಕ್ಲಬ್ಬಿಗೆ ಏನಾಗುತ್ತದೆ? ಲೆಕ್ಕ ಹಾಕುವುದು ಹೀಗೆ

ಇಂಗ್ಲೆಂಡಿನ ಫುಟ್‌ಬಾಲ್ ಋತು ಮುಗಿಯುತ್ತಿದ್ದಂತೆ, ಮೇ ತಿಂಗಳಲ್ಲಿ, ಲೀಗ್ ಒನ್ ಮತ್ತು ಲೀಗ್ ಟು (ಪ್ರೀಮಿಯರ್ ಲೀಗನ್ನು ಮೊದಲನೆಯದೆಂದು ಎಣಿಸಿದರೆ ಮೂರನೇ ಮತ್ತು ನಾಲ್ಕನೇ ಹಂತ) ಕ್ಲಬ್ಬುಗಳು ಒಂದು ಪಟ್ಟಿ ಹೊರಡಿಸುತ್ತವೆ. ಉಳಿದವರು ಯಾರು, ಬಿಡುಗಡೆಯಾದವರು ಯಾರು, ಇನ್ನೂ ಮಾತುಕತೆಯಲ್ಲಿರುವವರು ಯಾರು ಎಂಬುದು ಅದರಲ್ಲಿರುತ್ತದೆ. ಹನ್ನೆರಡು ಗೋಲು ಹೊಡೆದವನು ಹೊರಗೆ, ಬೆಂಚಿನಲ್ಲೇ ವರ್ಷ ಕಳೆದ ಹತ್ತೊಂಬತ್ತರ ಹುಡುಗ ಒಳಗೆ ಇರುವುದನ್ನು ಕಂಡ ಅಭಿಮಾನಿಗಳು ಕೋಚ್‌ನನ್ನು ಬೈಯುತ್ತಾರೆ. ಕೋಚ್ ಪಾಪ, ಆ ಪಟ್ಟಿಯ ಎಷ್ಟೋ ಹೆಸರುಗಳ ಹಣೆಬರಹ ಬರೆದಿರುವುದು ಲೆಕ್ಕಪತ್ರ ವಿಭಾಗದವರು.

ಆಟಗಾರರ ಸಂಬಳಕ್ಕೆ ಮಿತಿ ಹಾಕಿದರೆ ಕೆಳ ಲೀಗುಗಳು ಉಳಿಯುತ್ತವೆ ಎಂಬ ವಾದ ಕೆಲವು ವರ್ಷಗಳಿಗೊಮ್ಮೆ ಮೇಲೇಳುತ್ತದೆ. ಇಂಥ ಮಿತಿ ಒಂದು ಕ್ಲಬ್ಬನ್ನು ನಿಜಕ್ಕೂ ಎಲ್ಲಿ ತಟ್ಟುತ್ತದೆ ಎಂದು ಹೊರಗಿನಿಂದಲೇ ಲೆಕ್ಕ ಹಾಕಬಹುದು. ಅದಕ್ಕೆ ಬೇಕಾದುದು ಒಂದು ಕ್ಯಾಲ್ಕುಲೇಟರ್, ಸ್ವಲ್ಪ ತಾಳ್ಮೆ ಮತ್ತು ಕ್ಲಬ್ಬಿನ ಮಾಲೀಕ ಹೇಳಿದ್ದನ್ನೆಲ್ಲ ನಂಬದಿರುವ ಗುಣ.

ಹಂತ 1: ಯಾವ ಬಗೆಯ ಮಿತಿ ಎಂದು ಮೊದಲು ಗುರುತಿಸಿ

ಮಿತಿಗಳಲ್ಲಿ ಎರಡು ಜಾತಿ. ಒಂದು ಸ್ಥಿರ ಮಿತಿ: ಕ್ಲಬ್ ದೊಡ್ಡದಿರಲಿ, ಚಿಕ್ಕದಿರಲಿ, ಎಲ್ಲರಿಗೂ ಒಂದೇ ಮೊತ್ತ. ಇನ್ನೊಂದು ಶೇಕಡಾವಾರು ಮಿತಿ: ನಿಮ್ಮ ವಹಿವಾಟಿನ ಇಷ್ಟು ಪಾಲನ್ನು ಮಾತ್ರ ಆಟಗಾರರಿಗೆ ಕೊಡಬಹುದು.

ಇಂಗ್ಲೆಂಡ್ ಎರಡನ್ನೂ ಕಂಡಿದೆ. ಶೇಕಡಾವಾರು ಪದ್ಧತಿ ಲೀಗ್ ಟುನಲ್ಲಿ 2004ರಿಂದ ಇದೆ. ಅಲ್ಲಿನವರು ಅದನ್ನು ಎಸ್‌ಸಿಎಂಪಿ, ಅಂದರೆ ಸಂಬಳ ವೆಚ್ಚ ನಿರ್ವಹಣಾ ನಿಯಮಾವಳಿ ಎನ್ನುತ್ತಾರೆ. ಸ್ಥಿರ ಮಿತಿ ಬಂದದ್ದು ಕೋವಿಡ್ ಕಾಲದಲ್ಲಿ. ಮೈದಾನದ ಬಾಗಿಲು ಮುಚ್ಚಿತ್ತು, ಟಿಕೆಟ್ ಹಣ ನಿಂತಿತ್ತು, ಕೆಳ ಲೀಗುಗಳು ಋತುವನ್ನೇ ಅರ್ಧಕ್ಕೆ ಮುಗಿಸಿದ್ದವು. 2020ರ ಆಗಸ್ಟ್ 7ರಂದು ಕ್ಲಬ್ಬುಗಳು ಮತ ಹಾಕಿ, ಲೀಗ್ ಒನ್ ತಂಡವೊಂದರ ವಾರ್ಷಿಕ ವೇತನಕ್ಕೆ 25 ಲಕ್ಷ ಪೌಂಡ್, ಲೀಗ್ ಟುಗೆ 15 ಲಕ್ಷ ಪೌಂಡ್ ಎಂದು ಗೆರೆ ಎಳೆದವು. ಲೀಗ್ ಟುನ 24 ಕ್ಲಬ್ಬುಗಳಲ್ಲಿ 22 ಒಪ್ಪಿದವು. ಲೀಗ್ ಒನ್‌ನಲ್ಲಿ ಮಾತ್ರ ಒಡಕಿತ್ತು: ಪರ 16, ವಿರೋಧ 7, ಒಂದು ಕ್ಲಬ್ ತಟಸ್ಥ. ಸುಮಾರು 49 ಸಾವಿರ ಆಸನಗಳ ಸಂಡರ್‌ಲೆಂಡ್ ಮತ್ತು ಐದು ಸಾವಿರ ಮಂದಿ ಸೇರಿದರೆ ತುಂಬಿಹೋಗುವ ಆಕ್ರಿಂಗ್‌ಟನ್ ಸ್ಟ್ಯಾನ್ಲಿ ಆಗ ಒಂದೇ ವಿಭಾಗದಲ್ಲಿದ್ದವು ಎಂಬುದನ್ನು ನೆನಪಿಟ್ಟುಕೊಂಡರೆ ಒಡಕಿನ ಕಾರಣ ತಾನಾಗಿ ತಿಳಿಯುತ್ತದೆ.

ಹಂತ 2: ಮಿತಿಯೊಳಗೆ ಏನೇನು ಬರುತ್ತದೆ ಎಂದು ಓದಿ

ಪತ್ರಿಕೆಗಳ ತಲೆಬರಹದಲ್ಲಿ ಮೊತ್ತವಷ್ಟೇ ಇರುತ್ತದೆ, ಪೆಟ್ಟು ಇರುವುದು ಷರತ್ತುಗಳಲ್ಲಿ. 2020ರ ಮಿತಿಯೊಳಗೆ ಮೂಲ ಸಂಬಳ, ತೆರಿಗೆ, ಬೋನಸ್, ಆಟಗಾರನ ಚಿತ್ರ ಬಳಕೆಯ ಹಕ್ಕಿಗೆ ಕೊಡುವ ಹಣ, ಏಜೆಂಟರ ಶುಲ್ಕ ಎಲ್ಲವೂ ಸೇರಿದ್ದವು. ಬಡ್ತಿ ಸಿಕ್ಕಿದ್ದಕ್ಕೆ ಅಥವಾ ಕಪ್ ಪಂದ್ಯಗಳಲ್ಲಿ ಮುಂದೆ ಹೋದದ್ದಕ್ಕೆ ಕೊಡುವ ಬಹುಮಾನ ಹೊರಗಿತ್ತು. ಆಟಗಾರನನ್ನು ಬೇರೆ ಕ್ಲಬ್ಬಿಗೆ ಎರವಲು ಕೊಟ್ಟು ಪಡೆದ ಹಣವನ್ನು ಲೆಕ್ಕದಿಂದ ಕಳೆಯಬಹುದಿತ್ತು. 21ರೊಳಗಿನ ಕಿರಿಯರ ಸಂಬಳ ಲೆಕ್ಕಕ್ಕೇ ಇರಲಿಲ್ಲ.

ಮಿತಿ ಜಾರಿಗೆ ಬರುವ ಮೊದಲೇ ಸಹಿಯಾಗಿದ್ದ ಒಪ್ಪಂದಗಳಿಗೆ ಒಂದು ವಿನಾಯಿತಿಯಿತ್ತು. ಅಂಥ ಆಟಗಾರನ ನಿಜವಾದ ಸಂಬಳ ಎಷ್ಟೇ ಇರಲಿ, ಒಪ್ಪಂದ ಮುಗಿಯುವ ತನಕ ಅವನನ್ನು ವಿಭಾಗದ ಸರಾಸರಿ ಸಂಬಳದಲ್ಲಿ ಹಿಡಿಯಬೇಕು. ಒಂದು ಹಂತ ಮೇಲಿನ ಚಾಂಪಿಯನ್‌ಷಿಪ್ ಲೀಗಿನಿಂದ ಆಗಷ್ಟೇ ಕೆಳಗಿಳಿದ ಕ್ಲಬ್ಬಿಗೆ ಇದು ವರದಾನ. ಮೇಲಿದ್ದಾಗ ಕೊಟ್ಟ ಭಾರಿ ಸಂಬಳಗಳೆಲ್ಲ ಕಾಗದದ ಮೇಲೆ ಸರಾಸರಿಗೆ ಇಳಿಯುತ್ತವೆ. ಆ ಋತುವಿನಲ್ಲಿ ಲೀಗ್ ಒನ್ ಗೆದ್ದದ್ದು ಹಿಂದಿನ ವರ್ಷವಷ್ಟೇ ಕೆಳಗಿಳಿದಿದ್ದ ಹಲ್ ಸಿಟಿ. ಅದೊಂದರಿಂದಲೇ ಏನನ್ನೂ ಸಾಧಿಸಲಾಗದು, ಒಪ್ಪುತ್ತೇನೆ. ಆದರೂ ಎಲ್ಲರಿಗೂ ಒಂದೇ ಗೆರೆ ಎಂಬ ಮಾತು ಮೊದಲ ವರ್ಷದಲ್ಲೇ ಪೂರ್ತಿ ನಿಜವಾಗಿರಲಿಲ್ಲ.

ಹಂತ 3: ಮೊತ್ತವನ್ನು ತಲೆಗಳಿಗೆ ಹಂಚಿ ನೋಡಿ

ಲೀಗ್ ಟುನ 15 ಲಕ್ಷ ಪೌಂಡನ್ನೇ ತೆಗೆದುಕೊಳ್ಳೋಣ. ಉದಾಹರಣೆಗೆ, 22 ಹಿರಿಯ ಆಟಗಾರರ ತಂಡ. ಸಮನಾಗಿ ಹಂಚಿದರೆ ತಲೆಗೆ ವರ್ಷಕ್ಕೆ ಸುಮಾರು 68 ಸಾವಿರ, ವಾರಕ್ಕೆ 1,300 ಪೌಂಡಿನ ಆಸುಪಾಸು. ಇದರಲ್ಲೇ ತೆರಿಗೆ, ಏಜೆಂಟರ ಶುಲ್ಕ ಎರಡೂ ಹೋಗಬೇಕು.

ಸಮನಾಗಿ ಹಂಚುವ ತಂಡ ಜಗತ್ತಿನಲ್ಲಿಲ್ಲ. ಗೋಲು ಹೊಡೆಯುವವನಿಗೆ ವಾರಕ್ಕೆ 3,000 ಕೊಟ್ಟಿರಿ ಎನ್ನಿ. ವರ್ಷಕ್ಕೆ 1,56,000 ಆಯಿತು, ಮಿತಿಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು. ಉಳಿದ 21 ಮಂದಿಗೆ ತಲೆಗೆ 64 ಸಾವಿರ. ಒಬ್ಬ ಅನುಭವಿ ಸೆಂಟರ್ ಬ್ಯಾಕ್, ಒಬ್ಬ ಒಳ್ಳೆಯ ಗೋಲ್‌ಕೀಪರ್ ಬಂದರೆ ಇನ್ನೂ ಕೆಳಗೆ. ಹೀಗೆ ಎಳೆದಾಡುತ್ತ ಹೋದಾಗ ಕೈಬಿಡಲು ಮೊದಲು ಸಿಗುವ ಹೆಸರು ಯಾವುದು? ಮೂವತ್ತರ ಹತ್ತಿರದ, ತಂಡದಲ್ಲಿ ಹದಿನಾಲ್ಕನೆಯವನೋ ಹದಿನೈದನೆಯವನೋ ಆಗಿರುವ, ಗಾಯಗಳಾದಾಗ ಮೂರು ಸ್ಥಾನಗಳಲ್ಲಿ ಆಡಬಲ್ಲ ಆಸಾಮಿ. ಅವನ ಜಾಗಕ್ಕೆ ಇಪ್ಪತ್ತರ ಹುಡುಗ ಬಂದರೆ ಮಿತಿಯ ಲೆಕ್ಕದಲ್ಲಿ ವೆಚ್ಚ ಸೊನ್ನೆ. ಮೇ ತಿಂಗಳ ಪಟ್ಟಿಯ ಒಗಟು ಬಹುಮಟ್ಟಿಗೆ ಇಷ್ಟೇ.

ಕಿರಿಯರಿಗೆ ಇದು ಅವಕಾಶ ಎನ್ನುವವರಿದ್ದಾರೆ. ಹೌದು, 21 ದಾಟುವವರೆಗೆ. ದಾಟಿದ ಋತುವಿನಲ್ಲಿ ಅದೇ ಹುಡುಗನ ಪೂರ್ತಿ ಸಂಬಳ ಒಮ್ಮೆಗೇ ಮಿತಿಯೊಳಗೆ ಬಂದು ಕೂರುತ್ತದೆ. ಆಗ ಅವನು ತಂಡಕ್ಕೆ ಅನಿವಾರ್ಯನಾಗಿರಬೇಕು, ಇಲ್ಲವೇ ಹೊರಗಿರಬೇಕು. ಮಧ್ಯದ ಜಾಗ ಇರುವುದಿಲ್ಲ. ಕೆಳ ಲೀಗುಗಳಲ್ಲಿ ಒಪ್ಪಂದಗಳು ಹೆಚ್ಚಾಗಿ ಒಂದೆರಡು ವರ್ಷದವೇ ಆದ್ದರಿಂದ ಈ ಕತ್ತರಿಗೆ ಸಿಗದೆ ಉಳಿಯುವುದು ಕಷ್ಟ. ನನಗೆ ಸ್ಥಿರ ಮಿತಿಯ ಮೇಲಿರುವ ದೊಡ್ಡ ತಕರಾರು ಇದು. ಪ್ರೀಮಿಯರ್ ಲೀಗಿನ ಐಷಾರಾಮದ ಸುದ್ದಿ ಓದಿ ಬೇಸತ್ತವರು ಫುಟ್‌ಬಾಲ್ ಸಂಬಳ ಕಡಿಮೆಯಾಗಲಿ ಎಂದಾಗ ಅದರ ಪೆಟ್ಟು ತಿನ್ನುವವನು, ಮೂವತ್ತೈದಕ್ಕೆ ಬೇರೆ ಉದ್ಯೋಗ ಹುಡುಕಬೇಕಾದ ಈ ಮನುಷ್ಯ.

ಹಂತ 4: ಅದೇ ಕ್ಲಬ್ಬನ್ನು ಎರಡೂ ಮಿತಿಗಳಲ್ಲಿ ಅಳೆಯಿರಿ

ಈ ಹಂತವನ್ನು ಬಿಡಬೇಡಿ. ಲೀಗ್ ಟುನಲ್ಲಿ ಮೂರು ಕಾಲ್ಪನಿಕ ಕ್ಲಬ್ಬುಗಳಿವೆ ಎಂದುಕೊಳ್ಳಿ. ಮೊದಲನೆಯದರ ವಹಿವಾಟು 20 ಲಕ್ಷ ಪೌಂಡ್, ಎರಡನೆಯದು 30 ಲಕ್ಷ, ಮೂರನೆಯದು 90 ಲಕ್ಷ. ಶೇಕಡಾ 50ರ ಮಿತಿ ಇದ್ದರೆ ಅವು ಕ್ರಮವಾಗಿ 10, 15 ಮತ್ತು 45 ಲಕ್ಷ ಖರ್ಚು ಮಾಡಬಹುದು. ಸ್ಥಿರ ಮಿತಿಯಲ್ಲಿ ಮೂವರಿಗೂ 15 ಲಕ್ಷ.

ಮೂರನೆಯ ಕ್ಲಬ್ಬಿಗೆ ಏನಾಯಿತು ಎಂದು ಎಲ್ಲರಿಗೂ ಕಾಣುತ್ತದೆ: ದುಡ್ಡಿದ್ದೂ ಖರ್ಚು ಮಾಡುವಂತಿಲ್ಲ. ಎರಡನೆಯದಕ್ಕೆ ಏನೂ ಆಗಲಿಲ್ಲ. ಮೊದಲನೆಯದನ್ನು ನೋಡಿ. ಶೇಕಡಾವಾರು ಪದ್ಧತಿ ಅದನ್ನು 10 ಲಕ್ಷಕ್ಕೆ ತಡೆದು ನಿಲ್ಲಿಸಿತ್ತು. ಸ್ಥಿರ ಮಿತಿ ಅದಕ್ಕೆ 15 ಲಕ್ಷದವರೆಗೆ, ಅಂದರೆ ತನ್ನ ಆದಾಯದ ಮುಕ್ಕಾಲು ಪಾಲಿನವರೆಗೆ ಹೋಗಲು ದಾರಿ ಬಿಟ್ಟಿತು. ಪಕ್ಕದ ಕ್ಲಬ್ 15 ಲಕ್ಷ ಮುಟ್ಟುತ್ತಿರುವಾಗ ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಗರಿಷ್ಠ ಎಂದು ಎಳೆದ ಗೆರೆ ನಿಧಾನಕ್ಕೆ ಗುರಿಯಾಗುತ್ತದೆ. ಸಣ್ಣ ಕ್ಲಬ್ಬುಗಳ ರಕ್ಷಣೆಗೆಂದು ಬಂದ ನಿಯಮ ಎಲ್ಲಕ್ಕಿಂತ ಸಣ್ಣ ಕ್ಲಬ್ಬಿನ ಲಗಾಮನ್ನೇ ಸಡಿಲಿಸಿದ ಹಾಗಾಯಿತು.

ಸ್ಥಿರ ಮಿತಿಯ ಪರವಾಗಿಯೂ ಒಂದು ಗಟ್ಟಿ ಮಾತಿದೆ. ಶೇಕಡಾವಾರು ಮಿತಿ ನಿಮ್ಮ ಕೈಯನ್ನು ಕಟ್ಟುತ್ತದೆಯೇ ಹೊರತು ಎದುರಾಳಿಯ ಕೈಯನ್ನು ಕಟ್ಟುವುದಿಲ್ಲ. ಶ್ರೀಮಂತ ಮಾಲೀಕನೊಬ್ಬ ವಿಭಾಗಕ್ಕೆ ಕಾಲಿಟ್ಟು ಸ್ಟ್ರೈಕರ್‌ಗಳ ಬೆಲೆ ಏರಿಸಿದರೆ, ಲೆಕ್ಕ ಸರಿಯಾಗಿಟ್ಟುಕೊಂಡ ಕ್ಲಬ್ ಕೆಳಗಿಳಿಯುತ್ತದೆ, ಜೂಜಾಡಿದ್ದು ಮೇಲೇರುತ್ತದೆ. ಆಕ್ರಿಂಗ್‌ಟನ್‌ನಂಥ ಕ್ಲಬ್ಬುಗಳು ಬೇಸತ್ತದ್ದು ಇದಕ್ಕೆ.

ಹಂತ 5: ಮಾಲೀಕನ ಜೇಬು ಎಲ್ಲಿ ಸೇರುತ್ತದೆ ನೋಡಿ

ಶೇಕಡಾವಾರು ಪದ್ಧತಿಯ ಬಾಗಿಲು ಇರುವುದು ‘ವಹಿವಾಟು’ ಎಂಬಲ್ಲಿ. ಟಿಕೆಟ್, ಪ್ರಾಯೋಜಕರು, ಪ್ರಸಾರದ ಪಾಲು, ಆಟಗಾರರನ್ನು ಮಾರಿ ಬಂದ ಹಣವಷ್ಟೇ ಅಲ್ಲ, ಮಾಲೀಕ ಷೇರು ಬಂಡವಾಳವಾಗಿ ಹಾಕಿದ ಹಣ ಮತ್ತು ದಾನವಾಗಿ ಕೊಟ್ಟದ್ದನ್ನೂ ಎಸ್‌ಸಿಎಂಪಿ ಲೆಕ್ಕಕ್ಕೆ ಹಿಡಿಯಿತು. ಸಾಲವನ್ನು ಹಿಡಿಯಲಿಲ್ಲ. ಅಂದರೆ ಕೊಟ್ಟ ಹಣವನ್ನು ವಾಪಸು ಕೇಳದ ಮಾಲೀಕನಿದ್ದರೆ ಮಿತಿ ಅವನ ಔದಾರ್ಯದಷ್ಟೇ ಎತ್ತರ. ಚಾಪೆಯ ಕೆಳಗೆ ತೂರುವವರನ್ನು ಹಿಡಿಯಲು ಹೋದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ಉದ್ಯಮದಲ್ಲೂ ಇದ್ದಾರೆ, ಆದರೆ ಇಲ್ಲಿ ಯಾರೂ ತೂರಬೇಕಿಲ್ಲ. ದಾರಿಯನ್ನು ನಿಯಮವೇ ಮಾಡಿಕೊಟ್ಟಿದೆ.

ಇದರ ಒಳ್ಳೆಯ ಮುಖ ರೆಕ್ಸಮ್. 2021ರ ಫೆಬ್ರುವರಿಯಲ್ಲಿ ಹಾಲಿವುಡ್ ನಟರಾದ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್ಹೆನಿ ಕ್ಲಬ್ಬನ್ನು ಕೊಂಡಾಗ ಅದು ಐದನೇ ಹಂತದಲ್ಲಿತ್ತು. 2023, 2024, 2025ರಲ್ಲಿ ಸಾಲಾಗಿ ಮೂರು ಬಡ್ತಿ ಪಡೆದು ಚಾಂಪಿಯನ್‌ಷಿಪ್ ಸೇರಿತು. ಇಪ್ಸ್‌ವಿಚ್ ಟೌನ್ 2021ರ ಏಪ್ರಿಲ್‌ನಲ್ಲಿ ಅಮೆರಿಕದ ಹೂಡಿಕೆದಾರರ ಕೈಸೇರಿ, ಲೀಗ್ ಒನ್‌ನಿಂದ ಎರಡೇ ಬಡ್ತಿಗಳಲ್ಲಿ 2024ಕ್ಕೆ ಪ್ರೀಮಿಯರ್ ಲೀಗ್ ಮುಟ್ಟಿತು. 25 ಲಕ್ಷದ ಗೆರೆ ಉಳಿದಿದ್ದರೆ ಈ ಎರಡೂ ಕಥೆಗಳ ವೇಗ ಬೇರೆಯೇ ಆಗಿರುತ್ತಿತ್ತು.

ಕೆಟ್ಟ ಮುಖ ‘ಬರಿ’ (Bury) ಎಂಬ ಕ್ಲಬ್. 1894ರಿಂದ ಲೀಗಿನಲ್ಲಿದ್ದ, ಎರಡು ಬಾರಿ ಎಫ್‌ಎ ಕಪ್ ಗೆದ್ದ ಈ ಕ್ಲಬ್ 2019ರ ವಸಂತದಲ್ಲಿ ಲೀಗ್ ಟುನಿಂದ ಬಡ್ತಿ ಪಡೆಯಿತು. ಆಟಗಾರರಿಗೆ ಸಂಬಳ ಬಾಕಿಯಿದ್ದ ತಿಂಗಳುಗಳವು. ಅದೇ ಆಗಸ್ಟ್ 27ರಂದು ಲೀಗ್ ಅದನ್ನು ಹೊರಹಾಕಿತು. ಗಮನಿಸಿ, ಶೇಕಡಾವಾರು ಮಿತಿ ಆಗಲೂ ಜಾರಿಯಲ್ಲಿತ್ತು. ಸಂಬಳ ಎಷ್ಟು ಎಂಬ ಪ್ರಶ್ನೆಗೆ ಮಿತಿ ಉತ್ತರ ಕೊಡುತ್ತದೆ. ಆ ಸಂಬಳದ ಹಣ ಮುಂದಿನ ತಿಂಗಳು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅದರ ವ್ಯಾಪ್ತಿಯಲ್ಲೇ ಇಲ್ಲ. ಆದ್ದರಿಂದ ಮಿತಿ ಯಾವುದೇ ಇರಲಿ, ಮಾಲೀಕ ಒಪ್ಪಂದಗಳಿಗೆ ಸಹಿ ಹಾಕುವ ಮುನ್ನ ಅಷ್ಟು ಹಣವನ್ನು ಕ್ಲಬ್ಬಿನ ಖಾತೆಯಲ್ಲಿ ಇಟ್ಟಿರಬೇಕು ಎಂಬ ಷರತ್ತು ಇಲ್ಲದಿದ್ದರೆ ಅದು ಅರ್ಧ ಕೆಲಸ ಎನ್ನುವುದು ನನ್ನ ಅಭಿಪ್ರಾಯ. 2025ರ ಜುಲೈನಲ್ಲಿ ಕಾನೂನಾದ ಫುಟ್‌ಬಾಲ್ ಆಡಳಿತ ಕಾಯ್ದೆಯ ಮೂಲಕ ಬಂದಿರುವ ಸ್ವತಂತ್ರ ನಿಯಂತ್ರಕರು ಮಾಲೀಕರ ಆರ್ಥಿಕ ತಾಕತ್ತನ್ನು ಪರೀಕ್ಷಿಸಲಿದ್ದಾರೆ. ಮಿತಿಗಿಂತ ಹೆಚ್ಚಿನ ನಿರೀಕ್ಷೆ ನನಗೆ ಅದರ ಮೇಲಿದೆ.

ಹಂತ 6: ಮೀರಿದರೆ ಏನು ಎಂದು ಕೇಳಿ

2020ರ ನಿಯಮದಲ್ಲಿ ಮಿತಿಯನ್ನು ಶೇಕಡಾ 5ರವರೆಗೆ ಮೀರಿದರೆ ದಂಡ. ಆ ಹಣ ನಿಯಮ ಪಾಲಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚಾದರೆ ಪ್ರಕರಣ ಸ್ವತಂತ್ರ ಶಿಸ್ತು ಆಯೋಗಕ್ಕೆ. ದಂಡ ಕಟ್ಟಿಯೂ ಬಡ್ತಿ ಲಾಭವೆನಿಸಿದರೆ ಶ್ರೀಮಂತ ಕ್ಲಬ್ ದಂಡ ಕಟ್ಟಿಬಿಡುತ್ತದೆ.

ಹಂತ 7: ಆಟಗಾರರನ್ನು ಕೇಳಿದ್ದರೇ?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಹಳೆಯ ಇತಿಹಾಸವಿದೆ. 1901ರಲ್ಲಿ ಆಟಗಾರನ ವಾರದ ಸಂಬಳಕ್ಕೆ 4 ಪೌಂಡಿನ ಗರಿಷ್ಠ ಮಿತಿ ಬಂತು. ಅರವತ್ತು ವರ್ಷ ಕಳೆದರೂ ಅದು ಏರಿದ್ದು 20 ಪೌಂಡಿಗೆ. ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ 1961ರ ಜನವರಿಯಲ್ಲಿ ಮಿತಿ ಬಿತ್ತು; ಫುಲಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲಿಗರಾದರು.

ಅದೇ ಸಂಘ, ಪಿಎಫ್‌ಎ, 2020ರ ಮಿತಿಯನ್ನೂ ಪ್ರಶ್ನಿಸಿತು. ವೇತನದ ಷರತ್ತು ಬದಲಿಸುವಾಗ ಲೀಗ್ ಮತ್ತು ಆಟಗಾರರ ಪ್ರತಿನಿಧಿಗಳು ಕೂಡಿ ಚರ್ಚಿಸಲೆಂದೇ ಒಂದು ಸಮಿತಿಯಿದೆ. ಅದರ ನಿಯಮಾವಳಿಯನ್ನು ಮೀರಿ ಮತ ಹಾಕಲಾಗಿದೆ ಎಂಬುದು ಸಂಘದ ದೂರು. 2021ರ ಫೆಬ್ರುವರಿ 9ರಂದು ಸ್ವತಂತ್ರ ಪಂಚಾಯ್ತಿ ಮಂಡಳಿ ದೂರನ್ನು ಎತ್ತಿಹಿಡಿಯಿತು. ಆರು ತಿಂಗಳ ಮಿತಿ ಆ ಕ್ಷಣದಿಂದಲೇ ರದ್ದಾಗಿ ಹಳೆಯ ಶೇಕಡಾವಾರು ಲೆಕ್ಕ ಮರಳಿತು: ಲೀಗ್ ಒನ್‌ಗೆ ವಹಿವಾಟಿನ ಶೇಕಡಾ 60, ಲೀಗ್ ಟುಗೆ 50. ನಡುವಿನ ಆರು ತಿಂಗಳಲ್ಲಿ ಕಡಿಮೆ ಸಂಬಳಕ್ಕೆ ಸಹಿ ಹಾಕಿದವರ ಒಪ್ಪಂದಗಳು ಮಾತ್ರ ಹಾಗೆಯೇ ಉಳಿದವು.

ಹಂತ 8: ಇನ್ನು ನಿಮ್ಮ ಕ್ಲಬ್ಬಿನ ಕಡತ ತೆರೆಯಿರಿ

ಇಂಗ್ಲೆಂಡಿನ ಕ್ಲಬ್ಬುಗಳು ಕಂಪನಿಗಳೇ ಆದ್ದರಿಂದ ಅವುಗಳ ಲೆಕ್ಕಪತ್ರ ಅಲ್ಲಿನ ಕಂಪನಿ ನೋಂದಣಿ ಕಚೇರಿ ‘ಕಂಪನೀಸ್ ಹೌಸ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಖಾಸಗಿ ಕಂಪನಿಗೆ ಲೆಕ್ಕ ಸಲ್ಲಿಸಲು ವರ್ಷಾಂತ್ಯದಿಂದ ಒಂಬತ್ತು ತಿಂಗಳ ಗಡುವಿದೆ. ತಡವಾಗಿದ್ದರೆ ಅದನ್ನೇ ಮೊದಲ ಸುಳಿವು ಎಂದು ಬರೆದಿಟ್ಟುಕೊಳ್ಳಿ. ಸಣ್ಣ ಕಂಪನಿಗಳಿಗೆ ಸಂಕ್ಷಿಪ್ತ ಲೆಕ್ಕ ಕೊಡುವ ಸವಲತ್ತು ಇರುವುದರಿಂದ ಲೀಗ್ ಟುನ ಎಷ್ಟೋ ಕ್ಲಬ್ಬುಗಳ ಸಂಬಳದ ಮೊತ್ತ ನಿಮಗೆ ಕಾಣದೇ ಹೋಗಬಹುದು. ಆಗ ಷೇರು ಬಂಡವಾಳ ವರ್ಷದಿಂದ ವರ್ಷಕ್ಕೆ ಎಷ್ಟು ಏರಿದೆ, ಮಾಲೀಕನಿಗೆ ಅಥವಾ ಅವನ ಇತರ ಕಂಪನಿಗಳಿಗೆ ಕೊಡಬೇಕಾದ ಸಾಲ ಎಷ್ಟಿದೆ ಎಂಬ ಎರಡು ಸಾಲುಗಳನ್ನು ಹೋಲಿಸಿ. ಮೊದಲನೆಯದು ಏರುತ್ತಿದ್ದರೆ ಹಣ ನಿಜಕ್ಕೂ ಒಳಗೆ ಬರುತ್ತಿದೆ. ಎರಡನೆಯದು ಏರುತ್ತಿದ್ದರೆ ಆ ಹಣವನ್ನು ಒಂದು ದಿನ ಯಾರೋ ವಾಪಸು ಕೇಳುತ್ತಾರೆ.

ಕೊನೆಗೆ ಅದೇ ಪುಟದಲ್ಲಿ ‘ಚಾರ್ಜಸ್’ ಎಂಬ ವಿಭಾಗ ಒತ್ತಿ. ಕ್ಲಬ್ ತನ್ನ ಆಸ್ತಿಯನ್ನು ಯಾರಿಗೆ, ಯಾವ ದಿನಾಂಕದಂದು ಅಡಮಾನ ಇಟ್ಟಿದೆ ಎಂಬುದು ಅಲ್ಲಿರುತ್ತದೆ. ಪಟ್ಟಿಯಲ್ಲಿ ಮೈದಾನದ ಹೆಸರಿದ್ದು, ಸಾಲ ಕೊಟ್ಟವರು ಬ್ಯಾಂಕ್ ಆಗಿರದೆ ನೀವು ಕೇಳಿಯೇ ಇರದ ಯಾವುದೋ ಸಂಸ್ಥೆಯಾಗಿದ್ದರೆ, ಮೇ ತಿಂಗಳ ಆಟಗಾರರ ಪಟ್ಟಿಗಿಂತ ಮೊದಲು ಅಭಿಮಾನಿಗಳ ಸಭೆಯಲ್ಲಿ ಆ ಬಗ್ಗೆ ಪ್ರಶ್ನೆ ಕೇಳಿ.